ಆಯಿಲ್ ಬದಲಿಸುವ ಕೆಲಸದಲ್ಲೇ ಮೆಕ್ಯಾನಿಕ್ ಎಂಥವರು ಅಂತ ಗೊತ್ತಾಗುತ್ತದೆ

ಪ್ರಶ್ನೆ: ನನ್ನದು ಆರು ವರ್ಷ ಹಳೆಯ ಪೆಟ್ರೋಲ್ ಕಾರು, ಮ್ಯಾನುಯಲ್ ಗೇರ್. ಮೂರು ವಾರದ ಹಿಂದೆ ಒಂದು ಗ್ಯಾರೇಜಿನಲ್ಲಿ ಎಂಜಿನ್ ಆಯಿಲ್ ಬದಲಾಯಿಸಿದೆ. ಈಗ ಕಾರು ನಿಲ್ಲಿಸಿದ ಕಡೆಯೆಲ್ಲ ನೆಲದ ಮೇಲೆ ಎಣ್ಣೆ ಕಲೆ. ಅದೇ ಗ್ಯಾರೇಜಿಗೆ ಹೋಗಿ ಕೇಳಿದರೆ, 'ಎಂಜಿನ್ ಹಿಂದಿನ ಆಯಿಲ್ ಸೀಲ್ ಹೋಗಿದೆ, ಗೇರ್ ಬಾಕ್ಸ್ ಇಳಿಸಬೇಕು' ಅಂದರು. ದೊಡ್ಡ ಖರ್ಚು. ಅವರು ನಿಜವಾಗಿ ಆಯಿಲ್ ಬದಲಿಸಿದ್ದಾರಾ ಅಂತಲೇ ಈಗ ಅನುಮಾನ ಬಂದಿದೆ. ಆಯಿಲ್ ಸರಿಯಾಗಿ ಬದಲಿಸುವುದು ಅಂದರೆ ಏನೇನು ಮಾಡಬೇಕು? ನಂಬಬಹುದಾದ ಮೆಕ್ಯಾನಿಕ್ ಸಿಗುವುದು ಹೇಗೆ?

ಉತ್ತರ: ಗೇರ್ ಬಾಕ್ಸ್ ಇಳಿಸಲು ಈಗಲೇ ಒಪ್ಪಿಗೆ ಕೊಡಬೇಡಿ. ಸೀಲ್ ಹೋಗಿರಲೂಬಹುದು. ಆದರೆ ಆಯಿಲ್ ಬದಲಿಸಿದ ಮೇಲೆ ಶುರುವಾದ ಲೀಕನ್ನು ಮೊದಲು ಹುಡುಕಬೇಕಾದ್ದು ಆ ಕೆಲಸದಲ್ಲಿ ಕೈ ಹಾಕಿದ ಜಾಗಗಳಲ್ಲಿ. ಅಂಥವು ಮೂರೇ: ಕೆಳಗಿನ ಡ್ರೈನ್ ಬೋಲ್ಟ್, ಆಯಿಲ್ ಫಿಲ್ಟರ್, ಮೇಲೆ ಆಯಿಲ್ ಸುರಿಯುವ ಮುಚ್ಚಳ. ಈ ಮೂರನ್ನೂ ಒರೆಸಿ ನೋಡದೆ ಸೀಲ್ ಅಂದರೆ ಅದು ಅವಸರದ ಮಾತು.

ಇವತ್ತೇ ಒಂದು ಕೆಲಸ ಮಾಡಿ. ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ ಹತ್ತು ನಿಮಿಷ ಬಿಡಿ. ಎಣ್ಣೆ ಮಟ್ಟ ನೋಡುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ತೆಗೆದು ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಳಗೆ ಹಾಕಿ, ಮತ್ತೆ ತೆಗೆದು ನೋಡಿ. ಎಣ್ಣೆ ಎರಡು ಗುರುತುಗಳ ನಡುವೆ ಇದ್ದರೆ ಸದ್ಯಕ್ಕೆ ತೊಂದರೆಯಿಲ್ಲ. ಕೆಳಗಿನ ಗುರುತಿಗೂ ಮುಟ್ಟದಿದ್ದರೆ ಅದೇ ಗ್ರೇಡಿನ ಆಯಿಲ್ ಹಾಕದೆ ಕಾರು ತೆಗೆಯಬೇಡಿ. ಲೀಕ್ ನಿಲ್ಲುವವರೆಗೆ ದಿನಾ ಒಮ್ಮೆ ನೋಡುತ್ತಿರಿ. ಓಡಿಸುವಾಗ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ಬಣ್ಣದ ಆಯಿಲ್ ದೀಪ ಹತ್ತಿದರೆ ತಕ್ಷಣ ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆಫ್ ಮಾಡಿ. 'ಆಯಿಲ್ ಸ್ವಲ್ಪ ಕಡಿಮೆಯಾಗಿದೆ, ಆಮೇಲೆ ಹಾಕಿಸಿದರಾಯಿತು' ಅನ್ನುವ ಸೂಚನೆ ಅಲ್ಲ ಅದು. ಎಂಜಿನ್ನಿನೊಳಗೆ ಆಯಿಲ್ ಒತ್ತಡವೇ ಬಿದ್ದುಹೋಗಿದೆ ಅಂತ ಅರ್ಥ. ಹತ್ತಿರದಲ್ಲೇ ಮನೆ ಅಂತ ಹಾಗೇ ಓಡಿಸಿದರೆ ಬೇರಿಂಗ್‌ಗಳು ಸುಟ್ಟುಹೋಗಬಹುದು.

ಇನ್ನು ಲೀಕ್ ಎಲ್ಲಿಂದ ಅಂತ ಹುಡುಕುವ ಕ್ರಮ. ಎಣ್ಣೆ ಕೆಳಕ್ಕೆ ಹರಿಯುತ್ತದೆ, ಕಾರು ಓಡುವಾಗ ಗಾಳಿಗೆ ಹಿಂದಕ್ಕೂ ಹರಡುತ್ತದೆ. ಹಾಗಾಗಿ ಹನಿ ಬೀಳುವ ಜಾಗಕ್ಕೂ ಲೀಕ್ ಇರುವ ಜಾಗಕ್ಕೂ ಎಷ್ಟೋ ಸಲ ಸಂಬಂಧವೇ ಇರುವುದಿಲ್ಲ. ಫಿಲ್ಟರಿನಿಂದ ಸೋರಿದ ಎಣ್ಣೆ ಎಂಜಿನ್ ಬದಿಯಲ್ಲಿ ಹರಿದು, ಎಂಜಿನ್ ಮತ್ತು ಗೇರ್ ಬಾಕ್ಸ್ ಸೇರುವ ಜಾಗದಲ್ಲಿ ತೊಟ್ಟಿಕ್ಕುವುದು ಬಹಳ ಸಾಮಾನ್ಯ. ಕೆಳಗಿನಿಂದ ಟಾರ್ಚ್ ಹಿಡಿದು ನೋಡಿದವರಿಗೆ ಅದು ಥೇಟ್ ಹಿಂದಿನ ಸೀಲ್ ಹೋದ ಹಾಗೇ ಕಾಣುತ್ತದೆ. ನೋಡಬೇಕಾದ್ದು ಒದ್ದೆಯಾಗಿರುವ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದು ಯಾವುದು, ಎಲ್ಲಕ್ಕಿಂತ ಮುಂದಿನದು ಯಾವುದು ಅಂತ.

ಅದಕ್ಕೆ ಮೊದಲು ಎಂಜಿನ್ನಿನ ಕೆಳಭಾಗವನ್ನು ಜಿಡ್ಡು ತೆಗೆಯುವ ಡಿಗ್ರೀಸರ್ ಹಾಕಿ ತೊಳೆದು ಒಣಗಿಸಬೇಕು. ಕೆಳಗೆ ಪ್ಲಾಸ್ಟಿಕ್ ಕವರ್ ಇದ್ದರೆ ಅದನ್ನೂ ಬಿಚ್ಚಿ ಒರೆಸಬೇಕು. ಫಿಲ್ಟರ್ ಬಿಚ್ಚುವಾಗ ಚೆಲ್ಲಿದ ಎಣ್ಣೆ ಆ ಕವರಿನಲ್ಲಿ ನಿಂತು ದಿನಗಟ್ಟಲೆ ತೊಟ್ಟಿಕ್ಕುತ್ತದೆ, ಅಂದರೆ ಲೀಕೇ ಇಲ್ಲದಿರಬಹುದು. ಆಮೇಲೆ ಎರಡು ದಿನ ಓಡಿಸಿ, ರಾತ್ರಿ ಕೆಳಗೆ ದೊಡ್ಡ ರಟ್ಟು ಹಾಸಿ, ಬೆಳಗ್ಗೆ ನೋಡಿ. ಇಷ್ಟಾದ ಮೇಲೂ ಫಿಲ್ಟರ್, ಬೋಲ್ಟ್ ಎಲ್ಲ ಒಣಗಿದ್ದು, ಎಂಜಿನ್–ಗೇರ್ ಬಾಕ್ಸ್ ನಡುವಿನಿಂದ ಮಾತ್ರ ಎಣ್ಣೆ ಬರುತ್ತಿದ್ದರೆ ಸೀಲಿನ ಮಾತು ನಂಬಬಹುದು. ಸೀಲ್ ಅನ್ನೋದು ಒಂದು ರಬ್ಬರ್ ಉಂಗುರ. ಖರ್ಚೆಲ್ಲ ಗೇರ್ ಬಾಕ್ಸ್ ಇಳಿಸಿ ಏರಿಸುವ ಕೂಲಿಯದು. ಹೇಗೂ ಇಳಿಸುತ್ತಾರಲ್ಲ, ಕ್ಲಚ್ ಪ್ಲೇಟ್ ಎಷ್ಟು ಸವೆದಿದೆ ಅಂತ ಆಗಲೇ ನೋಡಿಸಿಬಿಡಿ. ಅದಕ್ಕಾಗಿ ಇನ್ನೊಮ್ಮೆ ಇಳಿಸಿದರೆ ಅದೇ ಕೂಲಿ ಮತ್ತೆ ಕೊಡಬೇಕಾಗುತ್ತದೆ.

ಅವರು ನಿಜವಾಗಿ ಆಯಿಲ್ ಬದಲಿಸಿದ್ದಾರಾ ಅನ್ನುವ ಅನುಮಾನಕ್ಕೆ ಬರೋಣ. ಹೆಚ್ಚಿನವರು ಬಣ್ಣ ನೋಡುತ್ತಾರೆ. ಅದನ್ನೊಂದೇ ನೆಚ್ಚಬೇಡಿ. ಪೆಟ್ರೋಲ್ ಎಂಜಿನ್ನಿನಲ್ಲಿ ಹೊಸ ಆಯಿಲ್ ಕೆಲವು ನೂರು ಕಿಲೋಮೀಟರ್ ಓಡಿದ ಮೇಲೂ ಸಾಮಾನ್ಯವಾಗಿ ಜೇನು ಬಣ್ಣದಲ್ಲೇ ಇರುತ್ತದೆ, ನಿಜ. ಆದರೆ ಎಷ್ಟೇ ಸೋರಿಸಿದರೂ ಸ್ವಲ್ಪ ಹಳೆ ಎಣ್ಣೆ ಒಳಗೆ ಉಳಿಯುತ್ತದೆ. ಎಂಜಿನ್ ಒಳಗೆ ಕೊಳೆ ಜಾಸ್ತಿ ಇದ್ದರೆ ಹೊಸ ಆಯಿಲ್ ಅದನ್ನು ಬಿಡಿಸಿಕೊಂಡು ಬೇಗ ಕಪ್ಪಾಗುತ್ತದೆ. ಕೊಳೆಯನ್ನು ತನ್ನಲ್ಲಿ ಹಿಡಿದಿಟ್ಟುಕೊಳ್ಳುವುದು ಆಯಿಲಿನ ಕೆಲಸವೇ. ಡೀಸೆಲ್ ಕಾರಿನಲ್ಲಂತೂ ಮಸಿಯಿಂದಾಗಿ ಹೊಸ ಆಯಿಲ್ ಕೆಲವೇ ದಿನಗಳಲ್ಲಿ ಕಪ್ಪಾಗುತ್ತದೆ. ಅಲ್ಲಿ ಬಣ್ಣ ಏನೂ ಹೇಳುವುದಿಲ್ಲ.

ಬಣ್ಣಕ್ಕಿಂತ ಗಟ್ಟಿ ಸಾಕ್ಷಿ ಫಿಲ್ಟರ್. ಮೂರು ವಾರದ ಫಿಲ್ಟರಿನ ಮೇಲೆ ಬಣ್ಣ ಹೊಳೆಯುತ್ತಿರುತ್ತದೆ, ಅಕ್ಷರ ಸ್ಪಷ್ಟವಾಗಿರುತ್ತದೆ. ವರ್ಷದ ಹಿಂದಿನದಾದರೆ ಮಣ್ಣು ಮೆತ್ತಿ ಮಂಕಾಗಿರುತ್ತದೆ. ಎಷ್ಟೋ ಕಾರುಗಳಲ್ಲಿ ಬಾನೆಟ್ ಎತ್ತಿದರೆ ಅಥವಾ ಕೆಳಗಿನಿಂದ ಇಣುಕಿದರೆ ಅದು ಕಾಣುತ್ತದೆ. ಡ್ರೈನ್ ಬೋಲ್ಟಿನ ತಲೆಯ ಮೇಲೂ ಕಣ್ಣಾಡಿಸಿ. ಸುತ್ತ ಒರೆಸಿದ ಗುರುತಿಲ್ಲ, ಹಳೆ ಮಣ್ಣು ಹಾಗೇ ಗಟ್ಟಿಯಾಗಿ ಕೂತಿದೆ ಅಂದರೆ ಅದಕ್ಕೆ ಸ್ಪ್ಯಾನರ್ ಹಾಕಿಲ್ಲ. ಹಾಗಿದ್ದರೂ ಒಂದು ಪ್ರಶ್ನೆ ಕೇಳಿ ಆಮೇಲೆ ಜಗಳಕ್ಕೆ ಹೋಗಿ: ಡಿಪ್‌ಸ್ಟಿಕ್ ತೂತಿನಿಂದ ಪಂಪ್ ಹಾಕಿ ಎಳೆದಿರಾ ಅಂತ. ಕೆಲವು ಕಾರುಗಳಲ್ಲಿ ಅದು ಸರಿಯಾದ ವಿಧಾನವೇ.

ಈಗ ಯಾವ ಆಯಿಲ್ ಅನ್ನುವ ವಿಷಯ. ಇದಕ್ಕೆ ಉತ್ತರ ಕಾರಿನ ಜೊತೆ ಬಂದ ಪುಸ್ತಕದಲ್ಲಿದೆ. ಅಲ್ಲಿ ಎರಡು ವಿಷಯ ಬರೆದಿರುತ್ತಾರೆ, ಎರಡೂ ಹೊಂದಬೇಕು. ಒಂದು ಗ್ರೇಡ್, ಅಂದರೆ 5ಡಬ್ಲ್ಯೂ-30 ಥರದ ಸಂಖ್ಯೆ. ಇದು ಎಣ್ಣೆ ಎಷ್ಟು ಮಂದ ಅನ್ನೋದಕ್ಕೆ ಎಸ್‌ಎಇ ಸಂಸ್ಥೆ ಮಾಡಿದ ಅಳತೆ. ಡಬ್ಲ್ಯೂ ಮುಂಚಿನ ಅಂಕೆ ಕೊರೆಯುವ ಚಳಿಯಲ್ಲಿ ಎಣ್ಣೆ ಎಷ್ಟು ಸಲೀಸಾಗಿ ಹರಿಯುತ್ತದೆ ಅಂತ ಹೇಳುತ್ತದೆ, ಚಿಕ್ಕದಾದಷ್ಟೂ ಒಳ್ಳೆಯದು. ನಂತರದ ಅಂಕೆ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅಂದರೆ ಎಂಜಿನ್ ಚೆನ್ನಾಗಿ ಬಿಸಿಯಾದಾಗ, ಎಷ್ಟು ಮಂದ ಇರುತ್ತದೆ ಅಂತ. ಇನ್ನೊಂದು ಗುಣಮಟ್ಟದ ಗುರುತು. ಅಮೆರಿಕದ ಎಪಿಐ ಸಂಸ್ಥೆಯ ಪದ್ಧತಿಯಲ್ಲಿ ಪೆಟ್ರೋಲ್ ಆಯಿಲಿಗೆ 'ಎಸ್' ಇಂದ, ಡೀಸೆಲ್ ಆಯಿಲಿಗೆ 'ಸಿ' ಇಂದ ಶುರುವಾಗುವ ಅಕ್ಷರಗಳು. 'ಎಸ್ಎನ್' 2010ರದು, 'ಎಸ್‌ಪಿ' 2020ರದು. ಪೆಟ್ರೋಲಿನ ಮಟ್ಟಿಗೆ ನಂತರ ಬಂದ ಗುರುತು ಹಿಂದಿನದರ ಜಾಗದಲ್ಲಿ ನಡೆಯುತ್ತದೆ, ಹಳೆಯದು ಹೊಸದರ ಜಾಗದಲ್ಲಿ ನಡೆಯುವುದಿಲ್ಲ.

ಗ್ಯಾರೇಜಿನಲ್ಲಿ 'ಗಾಡಿ ಹಳೆಯದಾಯಿತು, ಸ್ವಲ್ಪ ಮಂದ ಆಯಿಲ್ ಹಾಕೋಣ' ಅನ್ನುವ ಮಾತು ಕೇಳಿಬರುತ್ತದೆ. ನಾನು ಇದನ್ನು ಒಪ್ಪುವುದಿಲ್ಲ. ಈಗಿನ ಎಂಜಿನ್ನುಗಳಲ್ಲಿ ಎಣ್ಣೆ ಹೋಗುವ ದಾರಿಗಳು ಕಿರಿದು. ವಾಲ್ವ್‌ಗಳು ತೆರೆದು ಮುಚ್ಚುವ ಸಮಯ ಹೊಂದಿಸುವ ಭಾಗಗಳೂ ಆಯಿಲ್ ಒತ್ತಡದಿಂದಲೇ ನಡೆಯುತ್ತವೆ. 0ಡಬ್ಲ್ಯೂ-20 ಬೇಕಾದ ಎಂಜಿನ್ನಿಗೆ 20ಡಬ್ಲ್ಯೂ-50 ಸುರಿದರೆ ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಮೇಲಿನ ಭಾಗಗಳಿಗೆ ಎಣ್ಣೆ ತಲುಪುವುದೇ ತಡ. ಪುಸ್ತಕದಲ್ಲಿ ಎರಡು ಮೂರು ಗ್ರೇಡ್ ಕೊಟ್ಟಿದ್ದರೆ ಅದರೊಳಗೆ ಆರಿಸಿಕೊಳ್ಳಿ, ಅದರಾಚೆ ಬೇಡ.

ಎರಡು ಥರದ ಕಾರುಗಳಿಗೆ ಇನ್ನೂ ಹುಷಾರು ಬೇಕು. ಡೀಸೆಲ್ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಇರುವ ಕಾರಿಗೆ ಬೂದಿ ಕಡಿಮೆ ಬಿಡುವ ಆಯಿಲ್ಲೇ ಆಗಬೇಕು. ಯುರೋಪಿನ ಎಸಿಇಎ ಪದ್ಧತಿಯಲ್ಲಿ ಅದಕ್ಕೆ ಸಿ2, ಸಿ3 ಥರದ ಗುರುತು ಇರುತ್ತದೆ. ಮಸಿಯನ್ನು ಸುಡಬಹುದು, ಆಯಿಲಿನ ಬೂದಿಯನ್ನು ಸುಡಲು ಆಗುವುದಿಲ್ಲ. ಅದು ಡಿಪಿಎಫ್ ಒಳಗೇ ಸೇರುತ್ತಾ ಹೋಗುತ್ತದೆ. ಇನ್ನೊಂದು, ವಾಲ್ವ್‌ಗಳನ್ನು ನಡೆಸುವ ಟೈಮಿಂಗ್ ಬೆಲ್ಟ್ ಎಣ್ಣೆಯಲ್ಲೇ ಮುಳುಗಿ ತಿರುಗುವ ಎಂಜಿನ್ನುಗಳು. ತಪ್ಪು ಆಯಿಲ್ ಹಾಕಿದರೆ, ಇಲ್ಲವೇ ಬದಲಿಸುವುದನ್ನು ತಡ ಮಾಡಿದರೆ, ಆ ಬೆಲ್ಟಿನ ರಬ್ಬರ್ ಉಬ್ಬಿ ಕಿತ್ತು ಬರುತ್ತದೆ. ಆ ಚೂರುಗಳು ಸಂಪಿನಲ್ಲಿರುವ, ಅಂದರೆ ಎಂಜಿನ್ ತಳದಲ್ಲಿ ಎಣ್ಣೆ ನಿಲ್ಲುವ ತಟ್ಟೆಯಲ್ಲಿರುವ, ಜಾಲರಿಗೆ ಅಡ್ಡ ಕೂತರೆ ಆಯಿಲ್ ಪಂಪಿಗೆ ಎಳೆಯಲು ಎಣ್ಣೆಯೇ ಸಿಗುವುದಿಲ್ಲ. ನಿಮ್ಮ ಎಂಜಿನ್ ಈ ಥರದ್ದಾ ಅಂತ ಮೊದಲು ಕೇಳಿ ತಿಳಿದುಕೊಳ್ಳಿ.

ಈಗ ಕೆಲಸ. ಎಂಜಿನ್ ಸ್ವಲ್ಪ ಬೆಚ್ಚಗಿರಬೇಕು, ಎಣ್ಣೆ ತೆಳುವಾಗಿ ಕೊಳೆಯನ್ನೂ ಜೊತೆಗೆ ಎಳೆದುಕೊಂಡು ಬರುತ್ತದೆ. ಆಗಷ್ಟೇ ದೂರ ಓಡಿ ಬಂದ ಕುದಿ ಎಂಜಿನ್ ಬೇಡ, ಕೈ ಸುಡುತ್ತದೆ. ಮೊದಲು ಮೇಲಿನ ಮುಚ್ಚಳ ತೆಗೆದು, ಆಮೇಲೆ ಕೆಳಗಿನ ಬೋಲ್ಟ್ ಬಿಚ್ಚಬೇಕು. ಧಾರೆ ನಿಂತು ಹನಿ ಹನಿಯಾಗುವವರೆಗೆ ಬಿಡಬೇಕು. ಸೋರುವಾಗಲೇ ಬೋಲ್ಟ್ ಹಾಕಿಬಿಡುವವರು ಸಮಯ ಉಳಿಸುತ್ತಿದ್ದಾರೆ, ಅಷ್ಟೇ.

ಬೋಲ್ಟಿನ ಜೊತೆ ಒಂದು ತೆಳು ವಾಷರ್ ಇರುತ್ತದೆ, ಹೆಚ್ಚಾಗಿ ತಾಮ್ರದ್ದು ಅಥವಾ ಅಲ್ಯೂಮಿನಿಯಂನದು. ಟೈಟ್ ಮಾಡಿದಾಗ ಅದು ಅಮುಕಿ, ಎರಡು ಲೋಹಗಳ ನಡುವಿನ ಸಂದು ತುಂಬುತ್ತದೆ. ಒಮ್ಮೆ ಅಮುಕಿದ್ದು ಎರಡನೇ ಸಲ ಅಷ್ಟು ಚೆನ್ನಾಗಿ ತುಂಬುವುದಿಲ್ಲ. ಆದ್ದರಿಂದ ಪ್ರತಿ ಸಲ ಹೊಸದು ಹಾಕಬೇಕು. ಹಳೆಯದನ್ನೇ ಹಾಕಿದವರು ಸಣ್ಣ ಜಿನುಗು ಕಂಡರೆ ಏನು ಮಾಡುತ್ತಾರೆ? ಉದ್ದ ಹಿಡಿಯ ಸ್ಪ್ಯಾನರ್ ತಂದು ಇನ್ನೂ ಬಿಗಿಯುತ್ತಾರೆ. ಬೋಲ್ಟ್ ಉಕ್ಕಿನದು, ಸಂಪ್ ಎಷ್ಟೋ ಕಾರುಗಳಲ್ಲಿ ಅಲ್ಯೂಮಿನಿಯಂನದು. ಥ್ರೆಡ್ ಹೋಗುವುದು ಸಂಪಿನದೇ. ಚಿಲ್ಲರೆ ವಾಷರಿನಲ್ಲಿ ಮುಗಿಯಬೇಕಾದದ್ದು ಸಂಪ್ ಬದಲಿಸುವ ತನಕ ಹೋಗುತ್ತದೆ. ಎಷ್ಟು ಬಿಗಿಯಬೇಕು ಅನ್ನೋದಕ್ಕೆ ಪ್ರತಿ ಎಂಜಿನ್ನಿಗೂ ಲೆಕ್ಕವಿದೆ. ಬಹಳಷ್ಟು ಕಾರುಗಳಲ್ಲಿ ಅದು 25ರಿಂದ 40 ನ್ಯೂಟನ್ ಮೀಟರ್ ಆಸುಪಾಸು. ಅದನ್ನು ಅಳೆದು ಬಿಗಿಯಲು ಟಾರ್ಕ್ ರೆಂಚ್ ಇದೆ. ಡ್ರೈನ್ ಬೋಲ್ಟಿಗೂ ಟಾರ್ಕ್ ರೆಂಚ್ ಹಿಡಿಯುವ ಮೆಕ್ಯಾನಿಕ್ ಸಿಕ್ಕರೆ ಅವರ ನಂಬರ್ ಇಟ್ಟುಕೊಳ್ಳಿ.

ಫಿಲ್ಟರಿನಲ್ಲಿ ಆಗುವ ತಪ್ಪು ಇನ್ನೂ ಅಪಾಯದ್ದು. ತಿರುಗಿಸಿ ಕೂರಿಸುವ ಡಬ್ಬಿ ಫಿಲ್ಟರಿನ ಬಾಯಿಗೆ ರಬ್ಬರ್ ರಿಂಗ್ ಇರುತ್ತದೆ. ಹಳೆ ಫಿಲ್ಟರ್ ಬಿಚ್ಚಿದಾಗ ಕೆಲವೊಮ್ಮೆ ಆ ರಿಂಗ್ ಎಂಜಿನ್ನಿಗೇ ಅಂಟಿಕೊಂಡು ಉಳಿಯುತ್ತದೆ. ಕಪ್ಪು ರಬ್ಬರ್, ಕಪ್ಪು ಎಣ್ಣೆ, ಕತ್ತಲೆ ಜಾಗ. ಕಾಣುವುದೇ ಇಲ್ಲ. ಅದರ ಮೇಲೇ ಹೊಸ ಫಿಲ್ಟರ್ ಕೂರಿಸಿದರೆ ಎರಡು ರಿಂಗ್ ಒಂದರ ಮೇಲೊಂದು ಕೂರುತ್ತವೆ. ಮೊದಲಿಗೆ ಸರಿಯಾಗಿಯೇ ಇದ್ದಂತೆ ಕಾಣುತ್ತದೆ, ಇಲ್ಲವೇ ಸುಮ್ನೆ ಜಿನುಗುತ್ತದೆ. ಒಂದು ದಿನ ಒತ್ತಡಕ್ಕೆ ರಿಂಗ್ ಜಾರಿದರೆ ನಿಮಿಷಗಳಲ್ಲಿ ಎಂಜಿನ್ ಆಯಿಲ್ ಪೂರ್ತಿ ರಸ್ತೆ ಪಾಲು. ನಿಮ್ಮ ಕಾರಿನಲ್ಲಿ ನಾನು ಮೊದಲು ನೋಡಿಸುವುದು ಇದನ್ನೇ. ಸರಿಯಾಗಿ ಮಾಡುವವರು ಹಳೆ ಫಿಲ್ಟರ್ ಕೈಗೆ ಬಂದ ತಕ್ಷಣ ತಿರುಗಿಸಿ ರಿಂಗ್ ಅದರಲ್ಲೇ ಇದೆಯಾ ನೋಡುತ್ತಾರೆ. ಎಂಜಿನ್ ಮೈಯನ್ನು ಬಟ್ಟೆಯಲ್ಲಿ ಒರೆಸುತ್ತಾರೆ. ಹೊಸ ರಿಂಗಿಗೆ ಬೆರಳಿನಿಂದ ಹೊಸ ಆಯಿಲ್ ಸವರುತ್ತಾರೆ. ರಿಂಗ್ ತಾಗಿದ ಮೇಲೆ ಫಿಲ್ಟರಿನ ಮೇಲೆ ಬರೆದಷ್ಟು, ಹೆಚ್ಚಾಗಿ ಮುಕ್ಕಾಲು ಸುತ್ತು, ಕೈಯಲ್ಲೇ ತಿರುಗಿಸುತ್ತಾರೆ. ಕಾಗದದ ಫಿಲ್ಟರ್ ಮಾತ್ರ ಬದಲಿಸುವ ಎಂಜಿನ್ನುಗಳಲ್ಲಿ ಪ್ಲಾಸ್ಟಿಕ್ ಮುಚ್ಚಳದ ಓ-ರಿಂಗ್ ಹೊಸದಾಗಬೇಕು.

ತುಂಬುವಾಗ ಪುಸ್ತಕದಲ್ಲಿರುವ ಅಳತೆಗಿಂತ ತುಸು ಕಡಿಮೆ ಹಾಕಿ, ಎಂಜಿನ್ ಸ್ಟಾರ್ಟ್ ಮಾಡಿ, ಕೆಂಪು ದೀಪ ಆರಿದ್ದು ನೋಡಿ, ಒಂದೆರಡು ನಿಮಿಷ ಬಿಟ್ಟು ಆಫ್ ಮಾಡಬೇಕು. ಆಗ ಹೊಸ ಫಿಲ್ಟರ್ ಎಣ್ಣೆ ಕುಡಿದು ಮಟ್ಟ ಇಳಿದಿರುತ್ತದೆ. ಸ್ವಲ್ಪ ಕಾದು, ಡಿಪ್‌ಸ್ಟಿಕ್ ನೋಡಿ ಉಳಿದದ್ದು ಹಾಕಬೇಕು. ಬಹುಪಾಲು ಕಾರುಗಳಲ್ಲಿ ಎರಡು ಗುರುತುಗಳ ನಡುವೆ ಸುಮಾರು 1 ಲೀಟರ್ ಅಂತರ. 'ಜಾಸ್ತಿ ಇದ್ದರೆ ಒಳ್ಳೆಯದೇ ಅಲ್ವಾ' ಅಂತ ಮೇಲಿನ ಗುರುತು ದಾಟಿಸುವುದು ತಪ್ಪು. ಎಂಜಿನ್ನಿನ ಕೆಳಗೆ ತಿರುಗುವ ದಂಡ, ಅಂದರೆ ಕ್ರ್ಯಾಂಕ್, ಎಣ್ಣೆಯನ್ನು ಕಡೆದು ನೊರೆ ಎಬ್ಬಿಸುತ್ತದೆ. ಗಾಳಿ ಸೇರಿದ ಎಣ್ಣೆ ಬೇರಿಂಗನ್ನು ಕಾಯುವುದಿಲ್ಲ. ಎಂಜಿನ್ ನಡೆಯುತ್ತಿರುವಾಗಲೇ ಕೆಳಗೆ ಬಗ್ಗಿ ಫಿಲ್ಟರ್, ಬೋಲ್ಟ್ ಎರಡನ್ನೂ ಟಾರ್ಚ್ ಹಾಕಿ ನೋಡುವುದು ಕೊನೆಯ ಕೆಲಸ. ಕೆಲಸ ಚೆನ್ನಾಗಿ ಮಾಡುವವರೂ ಅವಸರದಲ್ಲಿ ಬಿಟ್ಟುಬಿಡುವುದು ಇದನ್ನೇ.

ಹೊಸಬರ ಕೈಗೆ ಕೆಲಸ ಕೊಟ್ಟ ಗ್ಯಾರೇಜುಗಳಲ್ಲಿ ಇನ್ನೊಂದು ಎಡವಟ್ಟು ಆಗುತ್ತದೆ. ಎಂಜಿನ್ ಬೋಲ್ಟ್ ಅಂದುಕೊಂಡು ಗೇರ್ ಬಾಕ್ಸಿನ ಬೋಲ್ಟ್ ಬಿಚ್ಚಿಬಿಡುತ್ತಾರೆ, ಕೆಲವು ಕಾರುಗಳಲ್ಲಿ ಎರಡೂ ಹತ್ತಿರ ಹತ್ತಿರ ಇರುತ್ತವೆ. ಆಮೇಲೆ ಹೊಸ ಆಯಿಲ್ ಎಂಜಿನ್ನಿಗೆ ಸುರಿಯುತ್ತಾರೆ. ಎಂಜಿನ್ನಿನಲ್ಲಿ ಎರಡು ಪಾಲು, ಗೇರ್ ಬಾಕ್ಸಿನಲ್ಲಿ ಏನೂ ಇಲ್ಲ. ಅದಕ್ಕೇ ಹೇಳುವುದು, ಗ್ಯಾರೇಜ್ ಬಿಡುವ ಮುಂಚೆ ಡಿಪ್‌ಸ್ಟಿಕ್ಕನ್ನು ನೀವೇ ತೆಗೆದು ನೋಡಿ. ಯಾರೂ ಬೇಜಾರು ಮಾಡಿಕೊಳ್ಳಬಾರದು. ಮಾಡಿಕೊಂಡರೆ ಅದೂ ನಿಮಗೆ ಒಂದು ಮಾಹಿತಿಯೇ.

ಎಷ್ಟು ದಿನಕ್ಕೊಮ್ಮೆ? 5,000 ಕಿಲೋಮೀಟರಿಗೆ ಅನ್ನುವುದು ಹಳೆ ಕಾಲದ ಎಣ್ಣೆಗಳ ಲೆಕ್ಕ. ಈಗ ಹೆಚ್ಚಿನ ಪುಸ್ತಕಗಳಲ್ಲಿ 10,000 ಅಥವಾ 15,000 ಕಿಲೋಮೀಟರ್ ಇಲ್ಲವೇ ಒಂದು ವರ್ಷ, ಯಾವುದು ಮೊದಲೋ ಅದು ಅಂತಿರುತ್ತದೆ. ಕಾರು ಕಡಿಮೆ ಓಡಿಸುವವರು ವರ್ಷದ ಲೆಕ್ಕವನ್ನು ಮರೆಯುತ್ತಾರೆ. ದಿನಾ ಎರಡು ಮೂರು ಕಿಲೋಮೀಟರ್ ಮಾತ್ರ ಓಡುವ ಕಾರಿನಲ್ಲಿ ಎಂಜಿನ್ ಪೂರ್ತಿ ಬಿಸಿಯೇ ಆಗುವುದಿಲ್ಲ. ಒಳಗೆ ಸೇರಿದ ನೀರಿನ ಅಂಶ, ಉರಿಯದ ಪೆಟ್ರೋಲ್ ಆವಿಯಾಗದೆ ಎಣ್ಣೆಯಲ್ಲೇ ಉಳಿಯುತ್ತವೆ. ಅಂಥ ಓಡಾಟ, ಧೂಳಿನ ರಸ್ತೆ, ಭಾರ ಎಳೆಯುವುದು ಇವನ್ನೆಲ್ಲ ಪುಸ್ತಕದಲ್ಲೇ ಕಠಿಣ ಬಳಕೆ ಅಂತ ಬೇರೆ ಬರೆದು, ಅವಧಿ ಕಡಿಮೆ ಕೊಟ್ಟಿರುತ್ತಾರೆ. ನಿಮ್ಮ ಓಡಾಟ ಅದರಲ್ಲಿ ಬರುತ್ತದಾ ನೋಡಿ. ಬದಲಿಸುವ ಸಮಯವಾಯಿತು ಅಂತ ಡ್ಯಾಶ್‌ಬೋರ್ಡಿನಲ್ಲಿ ತೋರಿಸುವ ಕಾರಾದರೆ, ಕೆಲಸ ಮುಗಿದ ಮೇಲೆ ಅದನ್ನು ರಿಸೆಟ್ ಮಾಡಿಸಿ.

ಎಂಜಿನ್ ಒಳಗನ್ನು ತೊಳೆಯುವ ಫ್ಲಶ್, ಆಯಿಲಿಗೆ ಬೆರೆಸುವ ಸಣ್ಣ ಬಾಟಲಿ, ಇವೆಲ್ಲ ಸಮಯಕ್ಕೆ ಸರಿಯಾಗಿ ಆಯಿಲ್ ಬದಲಿಸುವ ಕಾರಿಗೆ ಬೇಕಿಲ್ಲ. ಬೇಕಾದ್ದನ್ನೆಲ್ಲ ಆಯಿಲ್ ಮಾಡುವವರೇ ಬೆರೆಸಿರುತ್ತಾರೆ. ಆಯಿಲ್ ಡಬ್ಬದ ಸೀಲ್ ನಿಮ್ಮ ಮುಂದೆಯೇ ಒಡೆಯಲಿ. ಖಾಲಿ ಡಬ್ಬ, ಹಳೆ ಫಿಲ್ಟರ್ ತೋರಿಸಲು ಹೇಳಿ. ನಕಲಿ ಆಯಿಲ್ ತುಂಬುವವರಿಗೆ ಒಳ್ಳೆ ಕಂಪನಿಯ ಖಾಲಿ ಡಬ್ಬವೇ ಬಂಡವಾಳ. ಹಾಗಾಗಿ ಡಬ್ಬಕ್ಕೆ ತೂತು ಹಾಕಿಸಿ ಬಿಡಿ.

ಇನ್ನು ಮೆಕ್ಯಾನಿಕ್. ಆಯಿಲ್ ಬದಲಿಸುವುದು ಸಣ್ಣ ಕೆಲಸ, ಅದರ ಪ್ರತಿ ಹೆಜ್ಜೆಯನ್ನೂ ಮೆಕ್ಯಾನಿಕ್ ಅಲ್ಲದವರೂ ಕಣ್ಣಾರೆ ನೋಡಿ ತಿಳಿಯಬಹುದು. ಎಂಜಿನ್ ಬಿಚ್ಚುವ ಕೆಲಸದಲ್ಲಿ ಹಾಗಲ್ಲ. ಅದಕ್ಕೇ ಹೊಸ ಗ್ಯಾರೇಜಿಗೆ ಮೊದಲ ಸಲ ದೊಡ್ಡ ಕೆಲಸ ಹೊತ್ತುಕೊಂಡು ಹೋಗಬೇಡಿ ಅನ್ನುತ್ತೇನೆ. ಕಾರು ಚೆನ್ನಾಗಿರುವಾಗಲೇ ಆಯಿಲ್ ಬದಲಿಸಲು ಹೋಗಿ, ನಿಂತು ನೋಡಿ. 'ಯಾವ ಆಯಿಲ್ ಹಾಕುತ್ತೀರಿ?' ಅಂತ ಕೇಳಿ. 'ನಾವು ಎಲ್ಲಕ್ಕೂ ಇದನ್ನೇ ಹಾಕೋದು' ಅಂದರೆ ಒಂದು ಉತ್ತರ. 'ಎಂಜಿನ್ ಯಾವುದು, ಎಷ್ಟು ಓಡಿದೆ?' ಅಂತ ತಿರುಗಿ ಕೇಳಿ ಪುಸ್ತಕ ತೆಗೆಸಿದರೆ ಅದು ಬೇರೆಯೇ ಉತ್ತರ. 'ವಾಷರ್ ಹೊಸದು ಹಾಕುತ್ತೀರಲ್ವಾ?' ಅಂದಾಗ ಅವರ ಮುಖ ನೋಡಿ. ಒಳ್ಳೆ ಕೆಲಸಗಾರರಿಗೆ ಇಂಥ ಪ್ರಶ್ನೆ ಕೇಳಿದರೆ ಖುಷಿಯಾಗುತ್ತದೆ.

ದೊಡ್ಡ ಬೋರ್ಡು, ಮಿಂಚುವ ನೆಲ ನೋಡಿ ತೀರ್ಮಾನ ಮಾಡಬೇಡಿ. ಅದಕ್ಕಿಂತ ಬಿಚ್ಚಿದ ಬೋಲ್ಟುಗಳನ್ನು ಎಲ್ಲಿಡುತ್ತಾರೆ ನೋಡಿ. ತಟ್ಟೆಯಲ್ಲಿ ಒಪ್ಪವಾಗಿ ಇಡುತ್ತಾರಾ, ನೆಲದ ಮೇಲೆ ಹರಡುತ್ತಾರಾ? ಹಳೆ ಎಣ್ಣೆಯನ್ನು ಡ್ರಮ್ಮಿನಲ್ಲಿ ಶೇಖರಿಸಿ ಮರುಬಳಕೆಗೆ ಕೊಡುತ್ತಾರಾ, ಚರಂಡಿಗೆ ಬಿಡುತ್ತಾರಾ? ಯಾರೂ ನೋಡದ ಕಡೆ ಅಡ್ಡದಾರಿ ಹಿಡಿಯುವವರು ನಿಮ್ಮ ಕಾರಿನ ಕೆಳಗೂ ಹಿಡಿಯುತ್ತಾರೆ. ನಿಮ್ಮದೇ ಮಾದರಿಯ ಕಾರು ಇರುವ ಪರಿಚಯದವರು ವರ್ಷಗಳಿಂದ ಎಲ್ಲಿಗೆ ಹೋಗುತ್ತಾರೆ ಅಂತ ವಿಚಾರಿಸಿ. 'ಚೆನ್ನಾಗಿದೆಯಾ?' ಅಂತ ಕೇಳುವುದಕ್ಕಿಂತ 'ಏನಾದರೂ ತಪ್ಪಾದಾಗ ಅವರು ಹೇಗೆ ನಡೆದುಕೊಂಡರು?' ಅಂತ ಕೇಳಿದರೆ ಜಾಸ್ತಿ ತಿಳಿಯುತ್ತದೆ.

ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು, ಅವರು ತೋರಿಸುತ್ತಾರಾ ಅನ್ನೋದು. ಬ್ರೇಕ್ ಪ್ಯಾಡ್ ಸವೆದಿದೆ ಅಂದರೆ ಚಕ್ರ ಬಿಚ್ಚಿದಾಗಲೇ ನಿಮ್ಮನ್ನು ಕರೆದು ತೋರಿಸಬೇಕು. ಯಾವುದು ಇವತ್ತೇ ಆಗಬೇಕು, ಯಾವುದು ಆರು ತಿಂಗಳು ಕಾಯಬಹುದು ಅಂತ ಬಿಡಿಸಿ ಹೇಳಬೇಕು. 'ಇದಕ್ಕೆ ಈಗ ಏನೂ ಬೇಡ' ಅಂತ ಒಮ್ಮೆಯಾದರೂ ಹೇಳಿದವರ ಮಾತಿಗೆ ನಾನು ತೂಕ ಕೊಡುತ್ತೇನೆ. ಕೆಲಸ ಶುರುವಾಗುವ ಮುಂಚೆ ಅಂದಾಜು ಖರ್ಚು ಬರೆದು ಕೊಡಲಿ. ಮಧ್ಯದಲ್ಲಿ ಹೊಸದೇನಾದರೂ ಕಂಡರೆ ಫೋನ್ ಮಾಡಿ ಕೇಳಿಯೇ ಮುಂದುವರಿಯಲಿ. ಬಿಲ್ಲಿನಲ್ಲಿ ಆಯಿಲಿನ ಹೆಸರು, ಗ್ರೇಡ್, ಎಷ್ಟು ಲೀಟರ್, ಯಾವ ಫಿಲ್ಟರ್, ಕಾರು ಎಷ್ಟು ಓಡಿತ್ತು, ಇಷ್ಟೂ ಇರಲಿ. ವಾರಂಟಿ ಕೇಳುವಾಗಲೂ ಕಾರು ಮಾರುವಾಗಲೂ ಆ ಕಾಗದ ನಿಮ್ಮ ಪರವಾಗಿ ಮಾತಾಡುತ್ತದೆ.

ನಮ್ಮ ಕಡೆಯಿಂದಲೂ ಕೆಲವು ಆಗಬೇಕು. ಹುಡುಕಾಟಕ್ಕೆ ಹಿಡಿಯುವ ಹೊತ್ತಿಗೆ ಹಣ ಕೊಡಲು ಹಿಂಜರಿಯಬೇಡಿ. ನೋಡಿದ್ದಕ್ಕೆ ಕೂಲಿ ಸಿಗದಿದ್ದರೆ ಯಾವ ಮೆಕ್ಯಾನಿಕ್ಕಾದರೂ ಏನಾದರೂ ಬದಲಿಸಿಯೇ ದುಡಿಯಬೇಕಾಗುತ್ತದೆ. ಸಂಜೆ ಬಾಗಿಲು ಹಾಕುವ ಹೊತ್ತಿಗೆ ಹೋಗಿ ಅರ್ಧ ಗಂಟೆಯಲ್ಲಿ ಮುಗಿಸಿ ಅನ್ನಬೇಡಿ. ತೊಂದರೆ ಹೇಳುವಾಗ ನಿಮ್ಮ ಊಹೆ ಹೇಳಬೇಡಿ, ಕಂಡದ್ದು ಹೇಳಿ: ಶಬ್ದ ಬೆಳಗ್ಗೆ ಮೊದಲ ಸಲ ಸ್ಟಾರ್ಟ್ ಮಾಡಿದಾಗ ಬರುತ್ತದಾ, ಬಿಸಿಯಾದ ಮೇಲಾ, ವೇಗ ಏರಿದಂತೆ ಏರುತ್ತದಾ, ಯಾವಾಗಿನಿಂದ ಶುರುವಾಯಿತು. ಸಾಧ್ಯವಾದರೆ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಂಡು ಹೋಗಿ. ಗ್ಯಾರೇಜಿಗೆ ಹೋದಾಗ ಆ ಶಬ್ದ ಬರದೇ ಇರುವುದೇ ಹೆಚ್ಚು.